ಅಂಗಿಯ ಮೇಲೆ ಬರೆದ ಹೆಸರು

ಸಂಗೀತಗಾರರ ಬದುಕನ್ನು ದಾಖಲಿಸುವ ಬರಹಗಳಲ್ಲಿ ಗುರುವಿಗೆ ಸಿಗುವ ಜಾಗ ಹೆತ್ತ ತಂದೆಗೆ ಸಿಗುವುದು ಅಪರೂಪ. ಹಿಂದುಸ್ತಾನಿ ಸಂಗೀತದಲ್ಲಿ ಕಲಾವಿದನ ವಂಶಾವಳಿಯನ್ನು ಘರಾಣೆಯ ಲೆಕ್ಕದಲ್ಲಿ, ಅಂದರೆ ಒಂದು ಗಾಯನಶೈಲಿಯನ್ನು ಗುರುವಿನಿಂದ ಶಿಷ್ಯನಿಗೆ ದಾಟಿಸುತ್ತ ಬಂದ ಪರಂಪರೆಯ ಲೆಕ್ಕದಲ್ಲಿ ಹೇಳುವುದು ರೂಢಿಯಾದುದರಿಂದ, ತಂದೆ ಮೊದಲ ಒಂದೆರಡು ಪುಟಗಳಲ್ಲಿ ಕಾಣಿಸಿಕೊಂಡು ಮರೆಯಾಗುತ್ತಾನೆ, ಮಕ್ಕಳು ಕೊನೆಯ ಪುಟದಲ್ಲಿ ಬರಿಯ ಹೆಸರುಗಳಾಗಿ ಉಳಿಯುತ್ತಾರೆ. ಪಂಡಿತ ಭೀಮಸೇನ ಜೋಶಿಯವರ ವಿಷಯದಲ್ಲಿ ಮಾತ್ರ ಈ ರೂಢಿ ಸಾಲದು. ಅವರ ಬದುಕಿನ ಅತಿ ದೊಡ್ಡ ಸಾಹಸ ನಡೆದದ್ದು ಒಬ್ಬ ತಂದೆಯ ಕಣ್ಣು ತಪ್ಪಿಸಿ, ಆ ಸಾಹಸದ ನೆನಪನ್ನು ಮುಂದೆ ಹೊತ್ತುಕೊಂಡದ್ದು ಅವರನ್ನು ತಂದೆಯಾಗಿ ಕಂಡ ಮಕ್ಕಳು. ಮಗನಾಗಿಯೂ ತಂದೆಯಾಗಿಯೂ ಅವರನ್ನು ನೋಡಿದಾಗ, ಅವರ ಅಲೆದಾಟ, ದುಡಿಮೆ ಮತ್ತು ಸಂಗೀತದ ಪ್ರೀತಿ ಮೂರು ಬೇರೆ ಬೇರೆ ಸಂಗತಿಗಳಾಗಿರದೆ ಒಂದೇ ಹಸಿವಿನ ಮೂರು ರೂಪಗಳಾಗಿದ್ದವು ಎಂಬುದು ಸ್ಪಷ್ಟವಾಗುತ್ತದೆ.

ಭೀಮಸೇನ ಜೋಶಿಯವರು 1922ರ ಫೆಬ್ರವರಿ 4ರಂದು ರೋಣದಲ್ಲಿ ಹುಟ್ಟಿದರು. ಇಂದು ಗದಗ ಜಿಲ್ಲೆಗೆ ಸೇರಿರುವ ಆ ಊರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ತಂದೆ ಗುರುರಾಜ ಜೋಶಿಯವರು ಶಾಲಾ ಶಿಕ್ಷಕರು, ಆ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಮಾಸ್ತರರು. ಅಜ್ಜ ಕೀರ್ತನಕಾರರಾಗಿದ್ದರು. ದೇವಸ್ಥಾನದ ಅಂಗಳದಲ್ಲಿ ನಿಂತು ಪುರಾಣಕಥೆಯನ್ನು ಹಾಡು ಮತ್ತು ಮಾತುಗಳಲ್ಲಿ ಹೆಣೆದು ರಾತ್ರಿಯೆಲ್ಲ ಊರನ್ನು ಹಿಡಿದಿಡುವವರನ್ನು ಕೀರ್ತನಕಾರರೆಂದು ಕರೆಯುವುದು ವಾಡಿಕೆ. ಹೀಗೆ ಮನೆತನದಲ್ಲಿ ಹಾಡು ಹೊಸದಲ್ಲವಾದರೂ, ಹದಿನಾರು ಮಕ್ಕಳ ಆ ತುಂಬುಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದವನು ನಾಲ್ಕಕ್ಷರ ಕಲಿತು ನೌಕರಿ ಹಿಡಿದು ತಮ್ಮಂದಿರಿಗೆ ದಾರಿಯಾಗಬೇಕೆಂದು ಒಬ್ಬ ಮಾಸ್ತರ ಬಯಸಿದ್ದರೆ ಅದು ಅತ್ಯಂತ ಸಹಜವಾದ ಬಯಕೆಯೇ ಸರಿ. ತಾಯಿ ಗೋದಾವರಿಬಾಯಿಯವರನ್ನು ಹುಡುಗ ಎಳವೆಯಲ್ಲಿಯೇ ಕಳೆದುಕೊಂಡ. ಮಲತಾಯಿಯ ಆರೈಕೆಯಲ್ಲಿ ಬೆಳೆದ.

ಆ ಹುಡುಗನ ಕಿವಿ ಮನೆಯೊಳಗೆ ನಿಲ್ಲುತ್ತಿರಲಿಲ್ಲ. ಬೀದಿಯಲ್ಲಿ ಭಜನೆಯ ಮೇಳವೋ ವಾದ್ಯದ ಮೆರವಣಿಗೆಯೋ ಹಾದುಹೋದರೆ ಅದರ ಬೆನ್ನು ಹತ್ತಿ ಹೊರಟುಬಿಡುತ್ತಿದ್ದ. ಕಾಲು ಸೋತಲ್ಲಿ ಯಾವುದಾದರೂ ಕಟ್ಟೆಯ ಮೇಲೆ ಮಲಗಿ ನಿದ್ದೆಹೋಗುತ್ತಿದ್ದ. ಮನೆಯವರು ಊರೆಲ್ಲ ಹುಡುಕಿ ಪೊಲೀಸರವರೆಗೆ ಹೋಗಬೇಕಾದ ಪ್ರಸಂಗಗಳು ಮೇಲಿಂದ ಮೇಲೆ ಬಂದಾಗ ಗುರುರಾಜ ಮಾಸ್ತರರು ಒಂದು ಉಪಾಯ ಕಂಡುಕೊಂಡರು. ಮಗನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದುಬಿಟ್ಟರು. ನಿದ್ದೆಹೋದ ಹುಡುಗನನ್ನು ಕಂಡವರು ಅಂಗಿಯನ್ನು ಓದಿ, ಎತ್ತಿಕೊಂಡು ಬಂದು ಮನೆ ಮುಟ್ಟಿಸುತ್ತಿದ್ದರು.

ಈ ಸಂಗತಿಯನ್ನು ಭೀಮಸೇನರ ಜೀವನಚರಿತ್ರೆ ಬರೆದವರೆಲ್ಲ ಬಾಲ್ಯದ ಒಂದು ಸ್ವಾರಸ್ಯವೆಂಬಂತೆ ಹೇಳಿ ಮುಂದೆ ಸಾಗುತ್ತಾರೆ. ಅದು ಅಷ್ಟು ಬೇಗ ದಾಟಿಹೋಗುವ ಸಂಗತಿಯಲ್ಲ. ದಿನವಿಡೀ ಪರರ ಮಕ್ಕಳ ಪಾಟಿಯ ಮೇಲೆ ಅಕ್ಷರ ತಿದ್ದಿಸಿ ಬಂದ ಒಬ್ಬ ಮನುಷ್ಯ ಸಂಜೆ ತನ್ನ ಮಗನ ಒಗೆದ ಅಂಗಿಯನ್ನು ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ಶಾಯಿ ಹರಡದ ಹಾಗೆ ಅಂಗೈಯಿಂದ ಬಟ್ಟೆಯನ್ನು ಒತ್ತಿ ಹಿಡಿದು ಆ ಮೂರು ಪದಗಳನ್ನು ಮೂಡಿಸುವ ಚಿತ್ರವನ್ನು ಕಲ್ಪಿಸಿಕೊಂಡರೆ ಅದರ ಆಳ ತಿಳಿಯುತ್ತದೆ. ಆ ಬರಹದಲ್ಲಿ ‘ಹೋಗಬೇಡ’ ಎಂಬ ಮಾತಿಲ್ಲ. ಬಾಗಿಲಿಗೆ ಚಿಲಕ ಹಾಕಿಟ್ಟು ಗಾಳಿಯನ್ನು ಹಿಡಿಯಲಾಗದೆಂದು ಮಾಸ್ತರರಿಗೆ ಅರಿವಾಗಿತ್ತೆಂದೇ ತೋರುತ್ತದೆ. ಹೋಗುವವನು ಹೋಗಲಿ, ಮರಳಿ ಬರುವುದಕ್ಕೆ ಒಂದು ವಿಳಾಸ ಇರಲಿ ಎಂಬುದಷ್ಟೇ ಅದರ ತಾತ್ಪರ್ಯ. ಆ ಅಂಗಿ ಊರಿನ ಮೇಲೆ ಇಟ್ಟ ನಂಬಿಕೆಯೂ ಹೌದು, ಯಾಕೆಂದರೆ ಅದನ್ನು ಓದಬೇಕಾದವರು ದಾರಿಹೋಕರು.

ರೋಣದಿಂದ ಗದಗ ದೂರವಲ್ಲ. ಆ ಕಾಲದ ಗದಗ ಹತ್ತಿಯ ವ್ಯಾಪಾರಕ್ಕೆ ಹೇಗೋ ಹಾಗೆ ಹಾಡಿಗೂ ಹೆಸರಾದ ಊರಾಗಿತ್ತು. ಅಂಧ ಗಾಯಕ ಪಂಚಾಕ್ಷರ ಗವಾಯಿಗಳು ಅನಾಥ ಮತ್ತು ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡದ್ದು ಇಲ್ಲಿಯೇ. ಹುಡುಗ ಭೀಮಸೇನನಿಗೆ ಮೊದಲ ಪಾಠ ಹೇಳಿದವರು ಕುರ್ತಕೋಟಿಯ ಚನ್ನಪ್ಪನವರು. ಆದರೆ ಅವನ ಬದುಕಿನ ದಿಕ್ಕನ್ನು ತಿರುಗಿಸಿದ್ದು ಮನುಷ್ಯನಲ್ಲ, ಒಂದು ಗ್ರಾಮಫೋನ್ ತಟ್ಟೆ. ಗದಗದ ಒಂದು ಹೋಟೆಲಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ಮುದ್ರಿಕೆಯನ್ನು ಅವನು ಕೇಳಿದ. ಠುಮ್ರಿಯೆಂದರೆ ವಿರಹವೋ ಅನುನಯವೋ ತುಂಬಿದ ನಾಲ್ಕಾರು ಮಾತುಗಳನ್ನು ಹಿಡಿದು ಒಂದೊಂದು ಪದವನ್ನೂ ನಾನಾ ಭಾವದಲ್ಲಿ ತಿರುಗಿಸಿ ಹಾಡುವ ಪ್ರಕಾರ. ಅರಗಿನ ಆ ತಟ್ಟೆಯ ಒಂದು ಬದಿಯಲ್ಲಿ ಮೂರು ನಿಮಿಷ, ಹೆಚ್ಚೆಂದರೆ ಅದಕ್ಕಿಂತ ತುಸು ಹೆಚ್ಚು ಹಾಡು ಹಿಡಿಯುತ್ತಿತ್ತು. ಆ ಮೂರು ನಿಮಿಷದ ಹಾಡನ್ನು ಬದುಕಿಡೀ ಬೆನ್ನಟ್ಟುವುದಕ್ಕೆ ಹುಡುಗ ಅಲ್ಲಿಯೇ ನಿಶ್ಚಯಿಸಿದ.

ಅಬ್ದುಲ್ ಕರೀಂ ಖಾನರು (1872–1937) ಕಿರಾನಾ ಘರಾಣೆಯವರು. ಉತ್ತರ ಪ್ರದೇಶದ ಕೈರಾನಾ ಎಂಬ ಊರಿನಿಂದ ಹೆಸರು ಪಡೆದ ಈ ಘರಾಣೆ ತಾಳದ ಚಮತ್ಕಾರಕ್ಕಿಂತ ಸ್ವರದ ಶುದ್ಧಿಗೆ, ಅವಸರವಿಲ್ಲದೆ ಒಂದೊಂದೇ ಸ್ವರವನ್ನು ಬೆಳೆಸುತ್ತ ರಾಗವನ್ನು ತೆರೆಯುವುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಖಾನರು ಮಿರಜದಲ್ಲಿ ನೆಲೆಸಿ ಹುಬ್ಬಳ್ಳಿ ಧಾರವಾಡದ ಕಡೆಗೆ ಬಂದುಹೋಗುತ್ತಿದ್ದುದರಿಂದ ಈ ಉತ್ತರದ ಗಾಯನ ಕನ್ನಡದ ನೆಲದಲ್ಲಿ ಬೇರುಬಿಟ್ಟಿತ್ತು. ಅವರ ಪ್ರಮುಖ ಶಿಷ್ಯ ರಾಮಭಾವು ಕುಂದಗೋಳಕರರು (1886–1952) ಮರಾಠಿ ನಾಟಕ ಕಂಪನಿಗಳಲ್ಲಿ ನಟರಾಗಿ ಹಾಡಿ ‘ಸವಾಯಿ ಗಂಧರ್ವ’ರೆಂದು ಖ್ಯಾತರಾದರು. ಸವಾಯಿ ಎಂದರೆ ಒಂದೂಕಾಲು ಪಟ್ಟು, ಅಂದರೆ ಗಂಧರ್ವನಿಗಿಂತ ಒಂದು ಕೈ ಮಿಗಿಲು ಎಂಬ ಹೊಗಳಿಕೆ. ಹೀಗೆ ಹುಡುಗ ಹುಡುಕುತ್ತಿದ್ದ ಗುರು ಮನೆಯಿಂದ ಒಂದು ಹಗಲಿನ ದಾರಿಯಷ್ಟು ಹತ್ತಿರದಲ್ಲಿಯೇ ಇದ್ದರು. ಅವನು ಮಾತ್ರ ಅವರನ್ನು ಹುಡುಕಿಕೊಂಡು ಉತ್ತರ ಹಿಂದುಸ್ತಾನವನ್ನೆಲ್ಲ ಸುತ್ತಿ ಬಂದ.

ಮನೆ ಬಿಟ್ಟದ್ದು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ. ಊಟಕ್ಕೆ ಕುಳಿತಾಗ ಒಂದು ಚಮಚ ತುಪ್ಪಕ್ಕಾಗಿ ಮನೆಯಲ್ಲಿ ನಡೆದ ಜಗಳವೇ ಅದಕ್ಕೆ ನೆಪವಾಯಿತೆಂದು ಅವರು ಮುಂದೆ ಹೇಳಿಕೊಳ್ಳುತ್ತಿದ್ದುದುಂಟು. ತುಪ್ಪ ನೆಪವೇ ಹೊರತು ಕಾರಣವಾಗಿರಲಿಕ್ಕಿಲ್ಲ. ಧಾರವಾಡ, ವಿಜಾಪುರ, ಪುಣೆ ಹೀಗೆ ಹುಡುಗ ರೈಲು ಹತ್ತಿ ಇಳಿದು ಮುಂದೆ ಸಾಗಿದ. ಆಗ ಆ ಭಾಗದಲ್ಲಿ ಓಡುತ್ತಿದ್ದದ್ದು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿಯ ಮೀಟರ್‌ಗೇಜ್ ಗಾಡಿಗಳು, ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರು ಅಂತರವಿರುವ ಸಣ್ಣ ಗಾಡಿಗಳು. ಕಿಸೆಯಲ್ಲಿ ಕಾಸಿರಲಿಲ್ಲವಾದ್ದರಿಂದ ಟಿಕೇಟು ಇರಲಿಲ್ಲ. ತಪಾಸಣೆಯವರು ಬಂದಾಗ ಅವನು ಹಾಡುತ್ತಿದ್ದ. ಆ ಹಾಡನ್ನು ಕೇಳಿದ ಪ್ರಯಾಣಿಕರು ಅವನ ಪರವಾಗಿ ಮಾತಾಡುತ್ತಿದ್ದರು, ತಿನ್ನಲು ಏನಾದರೂ ಕೊಡುತ್ತಿದ್ದರು, ಮುಂದಿನ ನಿಲ್ದಾಣದವರೆಗೆ ಹೇಗೋ ದಾರಿ ಸಾಗುತ್ತಿತ್ತು. ದೇಶದ ಅತಿ ದೊಡ್ಡ ಗಾಯಕರಲ್ಲಿ ಒಬ್ಬರಾಗಲಿದ್ದವರ ಮೊದಲ ಶ್ರೋತೃಗಳು ಮೂರನೆಯ ದರ್ಜೆಯ ಡಬ್ಬಿಯ ಹಲಗೆಗಳ ಮೇಲೆ ಕುಳಿತಿದ್ದ ರೈತರು, ವ್ಯಾಪಾರಿಗಳು, ತವರಿಗೆ ಹೊರಟ ಹೆಂಗಸರು.

ಗ್ವಾಲಿಯರಿನಲ್ಲಿ ಸರೋದ್ ವಾದಕ ಹಾಫಿಜ್ ಅಲಿ ಖಾನರ ನೆರವಿನಿಂದ ಮಾಧವ ಸಂಗೀತ ವಿದ್ಯಾಲಯದಲ್ಲಿ ಅವನಿಗೆ ಜಾಗ ಸಿಕ್ಕಿತು. ವಿಷ್ಣು ನಾರಾಯಣ ಭಾತಖಂಡೆಯವರ ಮುತುವರ್ಜಿಯಿಂದ ಗ್ವಾಲಿಯರ್ ಮಹಾರಾಜರು 1918ರಲ್ಲಿ ತೆರೆದ ವಿದ್ಯಾಲಯವದು. ಅಲ್ಲಿಯೂ ಅವನು ನಿಲ್ಲಲಿಲ್ಲ. ದೆಹಲಿ, ಲಖನೌ, ರಾಂಪುರ, ಕಲಕತ್ತೆಗಳನ್ನು ಸುತ್ತಿದ. ಕಲಕತ್ತೆಯಲ್ಲಿ ನಟರೂ ಗಾಯಕರೂ ಆಗಿದ್ದ ಪಹಾಡಿ ಸಾನ್ಯಾಲರ ಮನೆಯಲ್ಲಿ ಕೆಲಸದ ಹುಡುಗನಾಗಿ ಇದ್ದ. ಬಹಳ ವರ್ಷಗಳ ನಂತರ ಅದೇ ನಗರದ ವೇದಿಕೆಯ ಮೇಲೆ ಕುಳಿತ ಪ್ರಸಿದ್ಧ ಗಾಯಕನಲ್ಲಿ ತಮ್ಮ ಮನೆಯ ಆ ಹುಡುಗನನ್ನು ಸಾನ್ಯಾಲರು ಗುರುತಿಸಲಿಲ್ಲವೆಂದೂ, ಗಾಯಕರೇ ಹೋಗಿ ಪರಿಚಯ ಹೇಳಿಕೊಂಡರೆಂದೂ ಸಂಗೀತವಲಯದಲ್ಲಿ ಇಂದಿಗೂ ನೆನೆಯುತ್ತಾರೆ. ಕೊನೆಗೆ ಅವನು ಪಂಜಾಬಿನ ಜಾಲಂಧರವನ್ನು ತಲುಪಿದ. ಅಲ್ಲಿ ಅಂಧರಾಗಿದ್ದ ಪಂಡಿತ ಮಂಗತರಾಮರಲ್ಲಿ ಧ್ರುಪದವನ್ನು, ಅಂದರೆ ಇಂದು ಹೆಚ್ಚು ರೂಢಿಯಲ್ಲಿರುವ ಖಯಾಲ್ ಗಾಯನಕ್ಕಿಂತ ಹಳೆಯದಾದ, ಪಖವಾಜಿನ ಗಂಭೀರ ಲಯದಲ್ಲಿ ಹಾಡುವ ಪ್ರಕಾರವನ್ನು ಕಲಿತ. 1875ರಿಂದ ನಡೆದು ಬಂದ ಅಲ್ಲಿನ ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ಬಂದ ವಿನಾಯಕರಾವ್ ಪಟವರ್ಧನರು ಈ ಕನ್ನಡದ ಹುಡುಗನನ್ನು ಕಂಡು, ನಿನ್ನ ಊರಿನ ಪಕ್ಕದಲ್ಲಿಯೇ ಸವಾಯಿ ಗಂಧರ್ವರು ಇರುವಾಗ ಇಷ್ಟು ದೂರ ಬಂದು ಏಕೆ ಅಲೆಯುತ್ತೀಯೆ, ಹಿಂದಿರುಗಿ ಅವರ ಬಳಿ ಕಲಿ ಎಂಬ ಅರ್ಥದ ಬುದ್ಧಿಮಾತು ಹೇಳಿದರು.

ಜಾಲಂಧರದಲ್ಲಿ ಅವನನ್ನು ಪತ್ತೆಹಚ್ಚಿದವರು ಗುರುರಾಜ ಮಾಸ್ತರರು. ಫೋನು ಊರೂರಿಗೆ ಇಲ್ಲದ ಆ ಕಾಲದಲ್ಲಿ, ಶಾಲಾ ಸಂಬಳದ ಮೇಲೆ ದೊಡ್ಡ ಸಂಸಾರವನ್ನು ಸಾಗಿಸುತ್ತಿದ್ದ ಒಬ್ಬ ಶಿಕ್ಷಕ, ರೋಣ ಗದಗಗಳಿಂದ ಸಾವಿರ ಮೈಲಿಗೂ ಹೆಚ್ಚು ದೂರದ ಪಂಜಾಬಿನಲ್ಲಿ ಮಗನನ್ನು ಹುಡುಕಿ ಕರೆತಂದ ಈ ಪ್ರಯಾಣದ ಬಗ್ಗೆ ಸಂಗೀತದ ಇತಿಹಾಸ ಒಂದು ಸಾಲಿಗಿಂತ ಹೆಚ್ಚು ಬರೆದಿಲ್ಲ. ಓಡಿಹೋದವನ ಸಾಹಸ ದಂತಕಥೆಯಾಯಿತು. ಹುಡುಕಿ ಹೋದವನ ಸಾಹಸಕ್ಕೆ ಹೆಸರೇ ಬರಲಿಲ್ಲ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನ್ಯಾಯ, ಏಕೆಂದರೆ ಮಗನ ಬೆನ್ನಿಗೆ ಸಂಗೀತದ ಹುಚ್ಚಾದರೂ ಇತ್ತು, ತಂದೆಯನ್ನು ದೂಡಿದ್ದು ಬರಿಯ ಮಮತೆ. ಈ ಸಲ ಹುಡುಗನ ಅಂಗಿಯ ಮೇಲೆ ಯಾವ ಬರಹವೂ ಇದ್ದಿರಲಾರದು. ಕನ್ನಡದಲ್ಲಿ ಬರೆದಿದ್ದರೂ ಜಾಲಂಧರದಲ್ಲಿ ಅದನ್ನು ಓದುವವರು ಯಾರಿದ್ದರು?

ಮನೆಗೆ ಮರಳಿದವನು ಮತ್ತೆ ಕದ್ದು ಹೋಗಬೇಕಾಗಲಿಲ್ಲ. 1936ರಲ್ಲಿ ಸವಾಯಿ ಗಂಧರ್ವರು ಅವನನ್ನು ಶಿಷ್ಯನಾಗಿ ಒಪ್ಪಿಕೊಂಡರು. ಹುಬ್ಬಳ್ಳಿಯ ದಕ್ಷಿಣಕ್ಕೆ ರೈಲು ಹಾದಿಯ ಮೇಲಿರುವ ಕುಂದಗೋಳದ ಗುರುಗಳ ಮನೆಯಲ್ಲಿ ಭೀಮಸೇನರು 1940ರವರೆಗೆ ಇದ್ದರು. ಗುರುಕುಲದ ವಾಸವೆಂದರೆ ಪಾಠಕ್ಕಿಂತ ಮೊದಲು ಮನೆಗೆಲಸ. ಕುಂದಗೋಳದ್ದು ಕಪ್ಪು ಎರೆಮಣ್ಣಿನ ನೆಲ, ಅಲ್ಲಿ ನೀರಿನದ್ದೇ ದೊಡ್ಡ ತಾಪತ್ರಯ. ದೂರದಿಂದ ಕೊಡಗಳಲ್ಲಿ ನೀರು ಹೊತ್ತು ತಂದು ಗುರುಗಳ ಮನೆಯ ಹಂಡೆ ಬಾನಿಗಳನ್ನು ತುಂಬುವುದು ಶಿಷ್ಯನ ದಿನಚರಿಯ ಭಾಗವಾಗಿತ್ತು. ಅದರ ಜೊತೆಗೆ ನಸುಕಿನಲ್ಲಿ ಎದ್ದು ಖರಜದ ಸಾಧನೆ, ಅಂದರೆ ಮಂದ್ರ ಸಪ್ತಕದ ಕೆಳಗಿನ ಷಡ್ಜವನ್ನು ಹಿಡಿದು ಉಸಿರು ಇರುವಷ್ಟೂ ಹೊತ್ತು ಅಲ್ಲಾಡದಂತೆ ನಿಲ್ಲಿಸುವ ಅಭ್ಯಾಸ.

ಖರಜದ ಸಾಧನೆಯನ್ನು ಹತ್ತಿರದಿಂದ ಕಂಡವರಿಗೆ ಅದು ಹಾಡಿನಂತೆ ಕೇಳಿಸುವುದಿಲ್ಲ. ತಂಬೂರಿಯ ನಾಲ್ಕು ತಂತಿಗಳಲ್ಲಿ ಕೊನೆಯದು, ಎಲ್ಲಕ್ಕಿಂತ ದಪ್ಪನೆಯದು, ಆ ಖರಜಕ್ಕೆ ಮೀಸಲು. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಒಂದು ಎಳೆ ನೂಲನ್ನು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಬಂದರೆ ಒಂದು ಬಿಂದುವಿನಲ್ಲಿ ತಂತಿ ದುಂಬಿಯಂತೆ ಝೇಂಕರಿಸತೊಡಗುತ್ತದೆ. ಇದಕ್ಕೆ ಜವಾರಿ ಎಂದು ಹೆಸರು. ಶಿಷ್ಯ ಆ ಝೇಂಕಾರದೊಳಗೆ ತನ್ನ ದನಿಯನ್ನು ಇಳಿಸಬೇಕು. ಮೊದಲಿಗೆ ಬರಿಯ ಗೊಗ್ಗರು ಗಾಳಿ, ತುಸು ಹೊತ್ತಿಗೆ ಎದೆಯ ಮೂಳೆಯಲ್ಲಿ ಒಂದು ಅದುರು, ಬಹಳ ದಿನಗಳ ಮೇಲೆ ಒಂದು ದಿನ ತಂಬೂರಿ ಯಾವುದು, ದನಿ ಯಾವುದು ಎಂಬುದು ಬೇರೆಯಾಗಿ ಕೇಳಿಸದ ಸ್ಥಿತಿ. ಅಲ್ಲಿಯವರೆಗೆ ಗುರು ಮುಂದಿನ ಪಾಠ ಹೇಳುವುದಿಲ್ಲ. ಸವಾಯಿ ಗಂಧರ್ವರು ಭೀಮಸೇನರಿಗೆ ಬಹುಕಾಲ ಹೇಳಿಕೊಟ್ಟದ್ದು ಮೂರೇ ರಾಗಗಳು. ಬೆಳಿಗ್ಗೆ ತೋಡಿ, ಮಧ್ಯಾಹ್ನದ ಇಳಿಹೊತ್ತಿಗೆ ಮುಲ್ತಾನಿ, ಸಂಜೆಗೆ ಪೂರಿಯಾ. ಮೂರು ವರ್ಷ ಹಿಂದುಸ್ತಾನವೆಲ್ಲ ಸುತ್ತಿದ ಹುಡುಗನ ಕಾಲುಗಳನ್ನು ಒಂದು ಹಳ್ಳಿಯ ಅಂಗಳದಲ್ಲಿ ಈ ಮೂರು ರಾಗಗಳು ಕಟ್ಟಿಹಾಕಿದವು. ಅವರ ತೋಡಿಯನ್ನು ಅಥವಾ ಪೂರಿಯಾ ಧನಾಶ್ರೀಯನ್ನು ಕೇಳುವಾಗ ಷಡ್ಜ ಹಚ್ಚಿದ ಮೊದಲ ಕ್ಷಣದಲ್ಲಿಯೇ ಸಭೆ ಸ್ತಬ್ಧವಾಗುತ್ತಿದ್ದುದರ ಗುಟ್ಟು ಆ ಅಂಗಳದಲ್ಲಿದೆ.

ಅದೇ ಗುರುಗಳಲ್ಲಿ ಕಲಿಯುತ್ತಿದ್ದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ದಿನವೂ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಮುಗಿಸಿ ಸಂಜೆಯ ಗಾಡಿಗೆ ಹಿಂದಿರುಗುತ್ತಿದ್ದರು. ಕತ್ತಲಾದ ಮೇಲೆ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರುವ ಕೆಲಸ ಭೀಮಣ್ಣನದಾಗಿತ್ತು. ಊರಿನವರಿಗೂ ಬಳಗದವರಿಗೂ ಅವರು ಕೊನೆಯವರೆಗೆ ಭೀಮಣ್ಣನೇ. ದಾರಿಯುದ್ದಕ್ಕೂ ಆ ದಿನ ಗುರುಗಳು ಹೇಳಿದ ಪಾಠದ್ದೇ ಮಾತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದೇ ಗುರುವಿನಿಂದ ಒಂದೇ ತಳಹದಿಯನ್ನು ಪಡೆದ ಇವರಿಬ್ಬರ ಗಾಯನ ಮುಂದೆ ಎಷ್ಟು ಭಿನ್ನವಾಗಿ ಬೆಳೆಯಿತೆಂಬುದು ಘರಾಣೆಯ ಬಗ್ಗೆ ಯೋಚಿಸುವವರಿಗೆ ಒಳ್ಳೆಯ ಪಾಠ.

ಆ ಭಿನ್ನತೆಗೆ ಅಲೆದಾಟವೇ ಮುಖ್ಯ ಕಾರಣವೆಂದು ಹೇಳಿದರೆ ತಪ್ಪಾಗಲಾರದು. ಕಿರಾನಾ ಘರಾಣೆಯ ಗಾಯಕರು ಸಾಮಾನ್ಯವಾಗಿ ವಿಲಂಬಿತದಲ್ಲಿ, ಅಂದರೆ ನಿಧಾನವಾದ ಲಯದಲ್ಲಿ ಸ್ವರವಿಸ್ತಾರ ಮಾಡುವುದರಲ್ಲಿ ತೃಪ್ತಿ ಕಾಣುತ್ತಾರೆ. ಭೀಮಸೇನರು ಆ ನಿಧಾನವನ್ನು ಬಿಟ್ಟುಕೊಡದೆ ಅದರ ಮೇಲೆ ಬಿರುಗಾಳಿಯಂಥ ತಾನುಗಳನ್ನು, ಎಂದರೆ ವೇಗದಲ್ಲಿ ಒಂದರ ಹಿಂದೊಂದು ಧುಮುಕುವ ಸ್ವರಸರಣಿಗಳನ್ನು ಕಟ್ಟಿದರು. ಕೇಸರಬಾಯಿ ಕೇರಕರ, ಅಮೀರ್ ಖಾನ್, ಬೇಗಂ ಅಖ್ತರ್ ಇವರೆಲ್ಲರಿಂದ ಪಡೆದದ್ದನ್ನು ಅವರು ಮುಚ್ಚಿಡಲಿಲ್ಲ. ಹನ್ನೊಂದರ ವಯಸ್ಸಿನಲ್ಲಿ ಕಂಡಕಂಡವರ ಮನೆಯ ಬಾಗಿಲಲ್ಲಿ ನಿಂತು ಕೇಳಿದ ಹುಡುಗನಿಗೆ, ಇದು ನಮ್ಮ ಘರಾಣೆಯದು, ಅದು ಬೇರೆಯವರದು ಎಂಬ ಬೇಲಿ ಅರ್ಥವಾಗುವಂತಿರಲಿಲ್ಲ. ಕಲಾವತಿ ಮತ್ತು ರಾಗೇಶ್ರೀಗಳನ್ನು ಬೆಸೆದು ಕಲಾಶ್ರೀ ಎಂಬ ಹೊಸ ರಾಗವನ್ನು ಕಟ್ಟಿದ್ದೂ ಅದೇ ಧೈರ್ಯದ ಫಲ.

ಮುಂದಿನ ಕಥೆ ಬಹುಮಟ್ಟಿಗೆ ಎಲ್ಲರಿಗೂ ತಿಳಿದದ್ದು. 1940ರ ದಶಕದಲ್ಲಿ ಆಕಾಶವಾಣಿಯ ಕಲಾವಿದರಾಗಿ ಮುಂಬಯಿ ಸೇರಿದ್ದು, 1946ರ ಜನವರಿಯಲ್ಲಿ ಗುರುಗಳ ಷಷ್ಟ್ಯಬ್ದಿ ಸಮಾರಂಭದಲ್ಲಿ ಪುಣೆಯಲ್ಲಿ ಹಾಡಿ ಮನೆಮಾತಾದದ್ದು, 1956ರ ‘ಬಸಂತ ಬಹಾರ್’ ಚಿತ್ರದಲ್ಲಿ ಮನ್ನಾ ಡೇಯವರೊಂದಿಗೆ ಹಾಡಿದ್ದು, ಅ.ನ.ಕೃಷ್ಣರಾಯರ ಕಾದಂಬರಿಯನ್ನು ಆಧರಿಸಿ 1966ರಲ್ಲಿ ಬಂದ ‘ಸಂಧ್ಯಾರಾಗ’ ಚಿತ್ರಕ್ಕೆ ದನಿಯಾದದ್ದು, 1972ರ ಪದ್ಮಶ್ರೀಯಿಂದ 2008ರಲ್ಲಿ ಘೋಷಣೆಯಾದ ಭಾರತರತ್ನದವರೆಗಿನ ಗೌರವಗಳು. ಈ ಪಟ್ಟಿಗಿಂತ ಹೆಚ್ಚು ಮಾತಾಡಬೇಕಾದದ್ದು ಅವರ ದುಡಿಮೆಯ ರೀತಿಯ ಬಗ್ಗೆ. ಇಂದು ಒಂದು ನಗರದಲ್ಲಿ ಕಚೇರಿ, ನಾಳೆ ಇನ್ನೊಂದರಲ್ಲಿ, ನಾಡಿದ್ದು ದೇಶದ ಮತ್ತೊಂದು ತುದಿಯಲ್ಲಿ ಎಂಬಂತೆ ವಿಮಾನದಲ್ಲಿ ಹಾರುತ್ತಿದ್ದ ಅವರಿಗೆ, ಗುರುಗಳ ಬಿರುದನ್ನೇ ಹೊರಳಿಸಿ ‘ಹವಾಯಿ ಗಂಧರ್ವ’ ಎಂಬ ಪ್ರೀತಿಯ ಹೆಸರು ಬಂದಿತು. ವಿಮಾನ ಇಲ್ಲದ ಊರುಗಳಿಗೆ ಕಾರು. ಪುಣೆಯಿಂದ ಧಾರವಾಡಕ್ಕೆ ನಾಲ್ಕುನೂರು ಕಿಲೋಮೀಟರಿಗೂ ಮಿಕ್ಕ ದಾರಿ, ಸಾಥಿದಾರರನ್ನು, ಅಂದರೆ ತಬಲಾ ಮತ್ತು ಹಾರ್ಮೋನಿಯಂ ನುಡಿಸುವವರನ್ನು ಕೂರಿಸಿಕೊಂಡು ಸ್ಟೀರಿಂಗನ್ನು ತಾವೇ ಹಿಡಿಯುವುದು ಅವರಿಗೆ ಇಷ್ಟ. ಎಂಜಿನ್ನಿನ ಒಳಹೊರಗನ್ನು ಅವರು ಮೆಕ್ಯಾನಿಕ್ಕಿನಷ್ಟೇ ಬಲ್ಲವರಾಗಿದ್ದರು. ದನಿಯ ಸಣ್ಣ ಬಿರುಕನ್ನೂ ಗುರುತಿಸುವ ಕಿವಿ ಎಂಜಿನ್ನಿನ ಅಪಸ್ವರವನ್ನು ಗುರುತಿಸದೆ ಬಿಟ್ಟೀತೆ? ಪ್ರಾಯದಲ್ಲಿ ಈಜು, ಫುಟ್‌ಬಾಲ್, ಯೋಗಾಭ್ಯಾಸಗಳಲ್ಲಿ ಹುರಿಗೊಂಡ ಅವರ ಮೈಕಟ್ಟು ಈ ದಣಿವನ್ನೆಲ್ಲ ತಾಳಿಕೊಂಡಿತು. ಮದ್ಯದೊಡನೆ ಅವರು ವರ್ಷಗಳ ಕಾಲ ಹೋರಾಡಬೇಕಾಯಿತೆಂಬುದೂ ಬಲ್ಲವರೆಲ್ಲ ಬಲ್ಲ ಸಂಗತಿ. ಅದನ್ನು ಮರೆಮಾಚಿದರೆ ಆ ಹೋರಾಟದಲ್ಲಿ ಅವರು ಗೆದ್ದದ್ದನ್ನೂ ಮರೆಮಾಚಿದಂತಾಗುತ್ತದೆ.

ಇಷ್ಟು ದಾರಿ ಸವೆಸಿದ ಮನುಷ್ಯ ಮನೆಯಲ್ಲಿ ತಂದೆಯಾಗಿ ಹೇಗಿದ್ದರು ಎಂಬ ಪ್ರಶ್ನೆಗೆ ಉತ್ತರ ಒಂದೇ ಅಲ್ಲ. 1944ರಲ್ಲಿ ಸುನಂದಾ ಅವರೊಂದಿಗೂ 1951ರಲ್ಲಿ ವತ್ಸಲಾ ಅವರೊಂದಿಗೂ ವಿವಾಹವಾಗಿ, ಎರಡು ಸಂಸಾರಗಳಲ್ಲಿ ಒಟ್ಟು ಏಳು ಮಕ್ಕಳಿದ್ದರು. ಹಿರಿಯ ಮಗ ರಾಘವೇಂದ್ರ ಜೋಶಿಯವರು ತಂದೆಯ ನೆನಪುಗಳನ್ನು ಮರಾಠಿಯಲ್ಲಿ ಪುಸ್ತಕವಾಗಿ ಬರೆದರು, ಮುಂದೆ ಅದು ಇಂಗ್ಲಿಷಿಗೂ ಬಂದಿತು. ಆ ಪುಸ್ತಕದ ಹೆಸರು ‘ಗಾಣಾರ್‍ಯಾಚೇ ಪೋರ್’. ಕನ್ನಡದಲ್ಲಿ ಹೇಳುವುದಾದರೆ ‘ಹಾಡುವವನ ಮಗ’ ಎಂದರ್ಥ. ರೋಣದ ಮಾಸ್ತರರು ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಮೊಮ್ಮಗ ತನ್ನ ಪುಸ್ತಕದ ಹೊದಿಕೆಯ ಮೇಲೆ ‘ಹಾಡುವವನ ಮಗ’ ಎಂದು ತಾನೇ ಬರೆದುಕೊಂಡ. ಮೊದಲನೆಯ ಬರಹ ಕಳೆದುಹೋಗುವ ಮಗನಿಗಾಗಿ ತಂದೆ ಬರೆದದ್ದು. ಎರಡನೆಯದು ಸದಾ ದಾರಿಯಲ್ಲಿಯೇ ಇದ್ದ ತಂದೆಗಾಗಿ ಮಗ ಬರೆದದ್ದು. ತಂದೆಯ ಕೀರ್ತಿಯಲ್ಲಿ ಪಾಲು ಸಿಕ್ಕರೂ ತಂದೆಯ ದಿನಗಳಲ್ಲಿ ಪಾಲು ಸಾಕಷ್ಟು ಸಿಗದ ಮಕ್ಕಳ ನೋವನ್ನು ಯಾರೂ ಹಗುರಾಗಿ ಕಾಣಬಾರದು. ಆದರೂ ಅಂಥ ಮಕ್ಕಳು ಬರೆದ ನೆನಪುಗಳಲ್ಲಿ ಸಿಟ್ಟಿಗಿಂತ ಕಿವಿಯೇ ಮುಂದಾಗಿರುವುದನ್ನು ಕಾಣುತ್ತೇವೆ. ರೇಡಿಯೊದಲ್ಲಿ, ತಟ್ಟೆಯಲ್ಲಿ, ಊರ ಚೌಕದ ಧ್ವನಿವರ್ಧಕದಲ್ಲಿ ತಂದೆಯ ದನಿ ಕೇಳಿಬಂದಾಗ, ಇಡೀ ಊರಿಗೆ ಸೇರಿದ ಆ ದನಿ ತನಗೂ ಸೇರಿದ್ದು ಎಂದುಕೊಳ್ಳುವ ಮಗುವಿನ ಅನುಭವ ಗಾಯಕ ಮಲ್ಲಿಕಾರ್ಜುನ ಮನ್ಸೂರರ ‘ನನ್ನ ರಸಯಾತ್ರೆ’ಯಂಥ ಆತ್ಮಕಥೆಗಳಲ್ಲಿ ಸಿಗುವುದಿಲ್ಲ, ಸಿಗುವುದು ಸಾಧ್ಯವೂ ಇಲ್ಲ. ಅದು ಮಕ್ಕಳು ಮಾತ್ರ ಬರೆಯಬಲ್ಲದ್ದು.

ಪುಣೆಯಲ್ಲಿ ನೆಲೆಸಿ, ಮರಾಠಿ ಸಂತರ ಭಕ್ತಿಪದಗಳಾದ ಅಭಂಗಗಳನ್ನು ‘ಸಂತವಾಣಿ’ಯಾಗಿ ಮಹಾರಾಷ್ಟ್ರದ ಮೂಲೆಮೂಲೆಗೆ ಮುಟ್ಟಿಸಿದ ಅವರು ಹರಿದಾಸರ ಪದಗಳನ್ನು ‘ದಾಸವಾಣಿ’ಯಾಗಿ ಹಾಡುವಾಗ ಮಾತ್ರ ಬಾಲ್ಯದ ಮನೆಗೆ ಹಿಂದಿರುಗುತ್ತಿದ್ದರು. ಪುರಂದರದಾಸರ ಲಕ್ಷ್ಮಿಯ ಪದದೊಂದಿಗೆ ಇಂದು ಕರ್ನಾಟಕದ ಅದೆಷ್ಟೋ ಮನೆಗಳಲ್ಲಿ ಶುಕ್ರವಾರದ ಬೆಳಗಾಗುವುದು ಅವರ ದನಿಯಲ್ಲಿಯೇ. ಆ ಹಾಡುಗಳಲ್ಲಿ ಪಾಂಡಿತ್ಯದ ಪ್ರದರ್ಶನವಿಲ್ಲ. ಅಕ್ಷರಗಳು ಧಾರವಾಡದ ಕಡೆಯ ಉಚ್ಚಾರದಲ್ಲಿ ಬಿಚ್ಚಿಕೊಳ್ಳುತ್ತವೆ, ತಾನು ಬಂದರೂ ಅದು ದೇವರ ಮುಂದೆ ಹೂ ಎರಚಿದಂತೆ ಬಂದು ಹೋಗುತ್ತದೆ. ಕೀರ್ತನಕಾರರಾದ ಅಜ್ಜ ಮತ್ತು ಎಳವೆಯಲ್ಲಿ ಕಳೆದುಕೊಂಡ ತಾಯಿ ಇಬ್ಬರೂ ಆ ದನಿಯಲ್ಲಿ ಉಳಿದಿದ್ದಾರೆಂದು ನಂಬುವುದಕ್ಕೆ ಕೇಳುಗನಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ.

ಗುರುಗಳು 1952ರಲ್ಲಿ ತೀರಿಕೊಂಡ ಮರುವರ್ಷದಿಂದ ಪುಣೆಯಲ್ಲಿ ಅವರ ಹೆಸರಿನ ಸಂಗೀತ ಮಹೋತ್ಸವ ಆರಂಭವಾಯಿತು. ದಶಕಗಳ ಕಾಲ ಭೀಮಸೇನರು ಅದನ್ನು ಮನೆಯ ಮದುವೆಯೆಂಬಂತೆ ನಡೆಸಿದರು. ತಂದೆಯ ಮನೆಯನ್ನು ಬಿಟ್ಟು ಓಡಿದ್ದವರು ಗುರುವಿನ ಮನೆಗೆ ಹಿರಿಯ ಮಗನಾಗಿ ನಿಂತರೆಂದು ಹೇಳಬಹುದು. ಅವರ ಹಿಂದೆ ತಂಬೂರಿ ಹಿಡಿದು ದನಿಗೂಡಿಸುವ ಜಾಗದಲ್ಲಿ ಧಾರವಾಡದ ಮಾಧವ ಗುಡಿಯವರಂಥ ಶಿಷ್ಯರು ವರ್ಷಾನುಗಟ್ಟಲೆ ಕುಳಿತರು, ನಂತರದ ವರ್ಷಗಳಲ್ಲಿ ಮಗ ಶ್ರೀನಿವಾಸ ಜೋಶಿಯವರು ಕುಳಿತರು. ಆ ಜಾಗದಿಂದ ಗಾಯಕನ ಮುಖ ಕಾಣುವುದಿಲ್ಲ. ಕಾಣುವುದು ಬೆನ್ನು, ಹೆಗಲ ಮೇಲಿನ ಶಾಲು, ಮೇಲಿನ ಷಡ್ಜಕ್ಕೆ ಏರುವ ಮುನ್ನ ಗಾಳಿಯಲ್ಲಿ ಯಾವುದನ್ನೋ ಹಿಡಿದು ಎಳೆಯುವ ಆ ಪ್ರಸಿದ್ಧವಾದ ಬಲಗೈ. ಗಾಯಕ ಉಸಿರು ತೆ‍ಗೆದುಕೊಳ್ಳಲು ಸ್ವರವನ್ನು ಬಿಟ್ಟ ಕೂಡಲೇ ಅದು ನೆಲಕ್ಕೆ ಬೀಳದಂತೆ ಹಿಂದೆ ಕುಳಿತವನು ಎತ್ತಿಕೊಳ್ಳಬೇಕು, ಅವರು ಮತ್ತೆ ಕೈಚಾಚಿದಾಗ ಸದ್ದಿಲ್ಲದೆ ಹಿಂದಿರುಗಿಸಬೇಕು. ದೀರ್ಘ ಅನಾರೋಗ್ಯದ ನಂತರ 2007ರ ಮಹೋತ್ಸವದಲ್ಲಿ ಭೀಮಸೇನರು ಮತ್ತೊಮ್ಮೆ ವೇದಿಕೆಗೆ ಬಂದು ಹಾಡಿದರು. ಎಂಬತ್ತೈದು ದಾಟಿದ ಆ ದನಿಯಲ್ಲಿ ಹಿಂದಿನ ಬಿರುಗಾಳಿ ಇರಲಿಲ್ಲ. ಕುಂದಗೋಳದ ನಸುಕಿನಲ್ಲಿ ಕೂಡಿಟ್ಟ ಷಡ್ಜ ಮಾತ್ರ ಇದ್ದ ಜಾಗದಲ್ಲಿಯೇ ಇತ್ತು.